ಸಪೋನಿನ್ ಸೀಸೆಗೆ ಕೈ ಹಾಕುವ ಮುನ್ನ

ಸ್ನಾಯುನಾರಿನ ಮೈಟೋಕಾಂಡ್ರಿಯಾ (ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಘಟಕಗಳು) ಎಷ್ಟು ಚುರುಕೆಂದು ಅಳೆಯುವಾಗ, ಅವನ್ನು ಚುರುಕುಗೊಳಿಸುವ ಎಡಿಪಿ ಹಾಕಿದರೂ ನಾರಿನ ಆಮ್ಲಜನಕ ಬಳಕೆ ಏರಲಿಲ್ಲವೆಂದರೆ ಸಾಕು, ನಮ್ಮ ಹಾಸನದ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಮರುದಿನ, ಎಡಿಪಿ ಒಳಹೋಗಲೆಂದು ಜೀವಕೋಶದ ಪೊರೆ ತೂತು ಮಾಡುವ ಸಪೋನಿನ್ ಇಮ್ಮಡಿ ಮಾಡುತ್ತಾರೆ. ದಯವಿಟ್ಟು ಬೇಡ.

ಅಂಟುವಾಳದ ನೊರೆಯಲ್ಲಿರುವುದೂ ಇದೇ ಜಾತಿಯ ವಸ್ತು. ಅದು ಹಿಡಿಯುವುದು ಕೊಲೆಸ್ಟರಾಲನ್ನು. ಜೀವಕೋಶದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಹೇರಳ, ಮೈಟೋಕಾಂಡ್ರಿಯಾದ ಪೊರೆಯಲ್ಲಿ ಅತ್ಯಲ್ಪ. ಆದ್ದರಿಂದಲೇ ಮಿಲಿಲೀಟರಿಗೆ 50 ಮೈಕ್ರೋಗ್ರಾಂನಷ್ಟು ಹಾಕಿ, ಮಂಜುಗಡ್ಡೆಯ ಮೇಲೆ 30 ನಿಮಿಷ ಮೆಲ್ಲಗೆ ಅಲುಗಾಡಿಸಿದರೆ ಮೊದಲನೆಯದು ತೂತಾಗಿ ಎರಡನೆಯದು ಉಳಿಯುತ್ತದೆ. ಪ್ರಮಾಣ ಏರಿಸಿದರೆ ಆ ಅಂತರವೇ ಅಳಿಸಿಹೋಗುತ್ತದೆ. ಮೈಟೋಕಾಂಡ್ರಿಯಾದ ಹೊರಪೊರೆಯೂ ಹರಿದು, ಆಮ್ಲಜನಕ ಬಳಕೆಗೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ, ಬಳಕೆ ಇನ್ನೂ ಕುಸಿಯುತ್ತದೆ. ಕುಸಿದದ್ದು ಕಂಡು ಮತ್ತೆ ಸಪೋನಿನ್!

ಎಡಿಪಿಯ ನಂತರ 10 ಮೈಕ್ರೋಮೋಲಾರ್ ಸೈಟೋಕ್ರೋಮ್ ಸಿ ಹಾಕಿ ನೋಡಿ. ಸೋರಿದ್ದು ತುಂಬಿಕೊಂಡು ಬಳಕೆ ಶೇ 10ಕ್ಕಿಂತ ಹೆಚ್ಚು ಜಿಗಿದರೆ ಮೈಟೋಕಾಂಡ್ರಿಯಾದ ಹೊರಪೊರೆಗೆ ಪೆಟ್ಟಾಗಿದೆ. ಬಹುಮಟ್ಟಿಗೆ ಆ ಪೆಟ್ಟು ಇಕ್ಕಳದ್ದು: ನಾರನ್ನು ಬಿಡಿಸುವ ಬದಲು ಎಳೆದಿರುತ್ತಾರೆ, ಇಲ್ಲವೇ ತೂಕಕ್ಕೆ ಮುನ್ನ ಫಿಲ್ಟರ್ ಕಾಗದದ ಮೇಲೆ ಒಣಗಲು ಬಿಟ್ಟಿರುತ್ತಾರೆ. ಚೆನ್ನಾಗಿ ಬಿಡಿಸಿದ ನಾರು ಕೆಂಪು ಕಳೆದು ಅರೆಪಾರದರ್ಶಕವಾಗುತ್ತದೆ. ಗಂಟಾಗಿ ಕೆಂಪಗೇ ಉಳಿದ ತುಣುಕಿನ ಒಳಗೆ ಎಷ್ಟು ಸಪೋನಿನ್ ಹಾಕಿದರೂ ಇಳಿಯದು.

ಜಿಗಿತ ಕಾಣದೆ ಬಳಕೆ ಮಾತ್ರ ಕಡಿಮೆಯಿದ್ದರೆ ಬೇರೆ ಕಡೆ ಹುಡುಕಿ. ಮೈಟೋಕಾಂಡ್ರಿಯಾಕ್ಕೆ ಇಂಧನವಾಗುವ ಪೈರುವೇಟ್ ದ್ರಾವಣ ಅಂದೇ ಮಾಡಿದ್ದೇ? ಎಡಿಪಿಯ ಆಮ್ಲತೆ ಸರಿಪಡಿಸಿದ್ದೀರಾ? ಆಮ್ಲಜನಕ ಬಳಕೆಯನ್ನು ತಡೆಯುವ ರೋಟೆನೋನ್ ಹಿಂದಿನ ಪ್ರಯೋಗದಿಂದ ಉಳಿದು, ಅಳೆಯುವ ಉಪಕರಣದ ಪುಟ್ಟ ಕೋಣೆಯ ಗೋಡೆಗೂ ಕಲಕುವ ಕಡ್ಡಿಗೂ ಅಂಟಿ ಕೂರುತ್ತದೆ. ನೀರಿಗೆ ಅದು ಹೋಗದು, ಎಥನಾಲ್‌ನಲ್ಲಿ ಹಲವು ಸಲ ತೊಳೆಯಬೇಕು. 37 ಡಿಗ್ರಿಯಲ್ಲಿ ದ್ರಾವಣದ ಆಮ್ಲಜನಕ 200 ಮೈಕ್ರೋಮೋಲಾರ್‌ಗಿಂತ ಇಳಿದರೆ ನಾರಿನ ನಡುಭಾಗಕ್ಕೆ ಅದು ತಲುಪುವುದೇ ಕಷ್ಟ.

ನಮ್ಮೂರಿನದೇ ಒಂದು ತೊಡಕಿದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಚಿಕ್ಕಮಗಳೂರು ಇನ್ನೂ ಎತ್ತರ. ಇಲ್ಲಿನ ವಾಯುಒತ್ತಡ ಸುಮಾರು 90 ಕಿಲೋಪಾಸ್ಕಲ್. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ, 101ರ ಆಸುಪಾಸು. ಅದನ್ನೇ ಉಪಕರಣಕ್ಕೆ ಕೊಟ್ಟರೆ ಗಾಳಿಯೊಂದಿಗೆ ಸಮವಾದ ದ್ರಾವಣದಲ್ಲಿ 168 ಮೈಕ್ರೋಮೋಲಾರ್ ಇರುವ ಕಡೆ 190 ಎಂದು ದಾಖಲಾಗಿ, ಬಳಕೆಯ ಲೆಕ್ಕವೆಲ್ಲ ಶೇ 13ರಷ್ಟು ಉಬ್ಬುತ್ತದೆ. ಪ್ರಯೋಗಾಲಯದಲ್ಲೇ ಬ್ಯಾರೋಮೀಟರ್ ಇಟ್ಟು, ಅದರ ಅಂಕಿಯನ್ನು ದಿನವೂ ಪ್ರಯೋಗದ ಪುಸ್ತಕದಲ್ಲಿ ಬರೆದಿಡಿ.