ಕಾಂಪೋಸ್ಟ್: ಮೆಸ್ಸಿನ ಮುಸುರೆಗೆ ಮರದ ತರಗೆಲೆ ಜೊತೆಯಾದಾಗ

ಹಾಸ್ಟೆಲ್ ಮೆಸ್ಸಿನ ಹಿಂಬಾಗಿಲಲ್ಲಿ ಒಂದು ನೀಲಿ ಡ್ರಮ್. ತಟ್ಟೆಯಲ್ಲಿ ಬಿಟ್ಟ ಅನ್ನ, ಸಾರು, ಹರಿದ ಚಪಾತಿ, ತರಕಾರಿ ಸಿಪ್ಪೆ ಎಲ್ಲ ಅದಕ್ಕೇ. ಸಂಜೆ ಹೊತ್ತಿಗೆ ಹುಳಿ ವಾಸನೆ ಶುರು. ಅಲ್ಲಿಂದ ನೂರು ಹೆಜ್ಜೆ ಆಚೆ, ಮರದಡಿ ಗುಡಿಸಿದ ತರಗೆಲೆಗೆ ಬೆಂಕಿ ಇಟ್ಟಿರುತ್ತಾರೆ. ನಾನು ಓದಿದ ಕ್ಯಾಂಪಸ್ಸಿನಲ್ಲಿ ಇವೆರಡನ್ನೂ ದಿನಾ ನೋಡುತ್ತಿದ್ದೆ. ಒಂದಕ್ಕೆ ಇನ್ನೊಂದು ಬೇಕು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕಾಂಪೋಸ್ಟ್ ಅನ್ನುವ ಪದದಲ್ಲೇ ಆ ಮಾತಿದೆ. ಅದರ ಲ್ಯಾಟಿನ್ ಮೂಲಕ್ಕೆ ‘ಒಟ್ಟಿಗೆ ಸೇರಿಸಿ ಇಟ್ಟದ್ದು’ ಅಂತ ಅರ್ಥ. ಕೊಳೆತದ್ದು ಅಂತಲ್ಲ. ನಮ್ಮ ತಿಪ್ಪೆಯೂ ಹಾಗೇ ಅಲ್ವಾ? ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು, ಅಂಗಳದ ಕಸ ಎಲ್ಲ ಒಂದೇ ಕಡೆ ಬೀಳುತ್ತಿತ್ತು. ಹಸಿಯೂ ಒಣದೂ ಬೆರೆತಿದ್ದಕ್ಕೇ ಗೊಬ್ಬರ ಆಗುತ್ತಿತ್ತು.

ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಶಕ್ತಿಗೆ ಇಂಗಾಲ ಬೇಕು, ಮೈ ಬೆಳೆಸಲು ಸಾರಜನಕ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೆಲಸ ಚುರುಕು. ಮೆಸ್ಸಿನ ಊಟದಲ್ಲಿ ಇಂಗಾಲ ಅಷ್ಟಿಲ್ಲ, ನೀರು ಜಾಸ್ತಿ. ತರಗೆಲೆಯಲ್ಲಿ ಇಂಗಾಲ ಬೇಕಾದ್ದಕ್ಕಿಂತ ಹೆಚ್ಚು, ನೀರೇ ಇಲ್ಲ. ಬರೀ ಊಟ ಸುರಿದರೆ ಅನ್ನ ಅಂಟಂಟಾಗಿ ಮುದ್ದೆಗಟ್ಟಿ, ಗಾಳಿ ಆಡದೆ ನಾರುತ್ತದೆ. ಬರೀ ಎಲೆ ಹಾಕಿದರೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಒಂದು ಬಕೆಟ್ ಮುಸುರೆಗೆ ಎರಡು ಮೂರು ಬಕೆಟ್ ಎಲೆ ಬೆರೆಸಿ, ಅನ್ನದ ಮುದ್ದೆ ಒಡೆದು ಹಾಕಿ ನೋಡಿ. ಎರಡು ಮೂರು ದಿನದಲ್ಲಿ ರಾಶಿ ಬಿಸಿಯೇರುತ್ತದೆ. ಒಳಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆ ಎಳೆದು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಬೆಳಿಗ್ಗೆ ರಾಶಿ ಮಗುಚಿದರೆ ಹಬೆ ಏಳುತ್ತದೆ. 55 ಡಿಗ್ರಿ ದಾಟಿದ ಈ ಬಿಸಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಒಸರಿದರೆ ಸರಿ. ಧಾರೆ ಇಳಿದರೆ ಇನ್ನಷ್ಟು ಎಲೆ ಬೇಕು.

ಈ ವಿದ್ಯೆಯಲ್ಲಿ ನಮ್ಮ ಊರಿನ ಹೆಸರೂ ಇದೆ. 1930ರ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಒಂದು ಕ್ಯಾಂಪಸ್ಸಿನಲ್ಲೇ, ಸಿ.ಎನ್. ಆಚಾರ್ಯ ಅವರು ರೂಪಿಸಿದ್ದು ‘ಬೆಂಗಳೂರು ವಿಧಾನ’. ಅದಕ್ಕೂ ಮೊದಲು ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ತಂದ ಇಂದೋರ್ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಬೆಂಗಳೂರು ವಿಧಾನದಲ್ಲಿ ಗುಂಡಿಗೆ ಪದರ ಪದರವಾಗಿ ಕಸ ತುಂಬಿ, ಮೇಲೆ ಕೆಸರು ಮೆತ್ತಿ ಬಿಟ್ಟರಾಯಿತು. ಮಗುಚುವ ಕೆಲಸ ಇಲ್ಲ, ಆದರೆ ಆರೆಂಟು ತಿಂಗಳು ಕಾಯಬೇಕು. ತೋಟದ ಸೊಪ್ಪು ಸದೆಗೆ ಅದು ಚೆನ್ನ. ದಿನಾ ಬರುವ ಮೆಸ್ಸಿನ ಊಟಕ್ಕೆ ಮಗುಚುವ ರಾಶಿಯೇ ವಾಸಿ ಅಂತ ನನ್ನ ಅಭಿಪ್ರಾಯ.

‘24 ಗಂಟೆಯಲ್ಲಿ ಗೊಬ್ಬರ’ ಅನ್ನುವ ಯಂತ್ರಗಳೂ ಬಂದಿವೆ. ಬಹಳಷ್ಟು ಸಲ ಅವು ಊಟವನ್ನು ಬಿಸಿ ಮಾಡಿ, ಒಣಗಿಸಿ, ಪುಡಿ ಮಾಡುತ್ತವೆ ಅಷ್ಟೇ. ಆ ಪುಡಿಗೆ ನೀರು ತಾಗಿದರೆ ಮತ್ತೆ ಕೊಳೆಯಲು ಶುರು. ಅದನ್ನು ಕಾಂಪೋಸ್ಟ್ ಅನ್ನಬಾರದು, ಇನ್ನೂ ಮಾಗಬೇಕು.

ಯಂತ್ರಕ್ಕಿಂತ ಮೊದಲು ಬೇಕಾದದ್ದು ಎಲೆ ಕೂಡಿಡುವ ಒಂದು ಜಾಲರಿ ಪಂಜರ. ನಮ್ಮ ಕಡೆ ಬಹಳಷ್ಟು ಮರಗಳು ಎಲೆ ಉದುರಿಸುವುದು ಚಳಿ ಮುಗಿದು ಬೇಸಿಗೆ ಬರುವ ಹೊತ್ತಿಗೆ. ಮೆಸ್ಸಿನ ಮುಸುರೆ ಕಾಲೇಜು ನಡೆಯುವಷ್ಟು ದಿನವೂ ಬರುತ್ತದೆ. ಎಲೆ ಉದುರಿದಾಗಲೇ ಅದಕ್ಕೆ ಬೆಂಕಿ ಇಟ್ಟರೆ ಮಳೆಗಾಲದಲ್ಲಿ ಮುಸುರೆಗೆ ಬೆರೆಸಲು ಏನೂ ಉಳಿಯುವುದಿಲ್ಲ.

ಮಾಗಿದ ಗೊಬ್ಬರ ಕಪ್ಪಗೆ, ಉದುರುದುರಾಗಿ ಇರುತ್ತದೆ. ನೀರು ಚಿಮುಕಿಸಿ ಮಗುಚಿದರೂ ಮತ್ತೆ ಬಿಸಿಯೇರುವುದಿಲ್ಲ. ಅನ್ನ ಯಾವುದು, ಎಲೆ ಯಾವುದು ಗುರುತು ಸಿಗುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ.