30×40 ಸೈಟಿನ ಹಾಲ್‌ನಲ್ಲಿ ಮಕ್ಕಳ ಜಿಮ್ನಾಸ್ಟಿಕ್ಸ್, ಯೋಗ: ಮೊದಲು ಏನು ಕೊಳ್ಳಬೇಕು?

ಓದುಗರ ಪ್ರಶ್ನೆ: ನಮ್ಮ ಮನೆಯ ನೆಲಮಹಡಿಯಲ್ಲಿ 24 ಅಡಿ ಅಗಲ, 30 ಅಡಿ ಉದ್ದದ ಹಾಲ್ ಖಾಲಿ ಇದೆ. ನಾನು ಯೋಗ ಶಿಕ್ಷಕಿ, ನನ್ನ ತಂಗಿ ಕಾಲೇಜಿನಲ್ಲಿ ಜಿಮ್ನಾಸ್ಟಿಕ್ಸ್ ಮಾಡಿದವಳು. 4ರಿಂದ 10 ವರ್ಷದ ಮಕ್ಕಳಿಗೆ ಎರಡನ್ನೂ ಸೇರಿಸಿ ಸಂಜೆ ಕ್ಲಾಸ್ ಶುರು ಮಾಡಬೇಕೆಂದಿದ್ದೇವೆ. ಯಾವ ಸಾಮಾನು ಬೇಕು? ಒಂದು ಬ್ಯಾಚಿಗೆ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬಹುದು?

ಉತ್ತರ: ಒಂದು ಬ್ಯಾಚಿಗೆ 12 ಮಕ್ಕಳು, ಅವರ ಜೊತೆ ಇಬ್ಬರು ದೊಡ್ಡವರು. ನಿಮ್ಮ ಹಾಲ್‌ಗೆ ಇದಕ್ಕಿಂತ ಹೆಚ್ಚು ಬೇಡ. ಸಾಮಾನಿಗೆಂದು ಇಟ್ಟ ಹಣದ ಬಹುಪಾಲು ನೆಲಕ್ಕೆ ಹೋಗಲಿ. ಬೀಮ್ (ಮೇಲೆ ನಡೆಯುವ ಕಿರಿದಾದ ತೊಲೆ), ಬಾರ್ (ಜೋತಾಡುವ ಸರಳು), ಟ್ರಾಂಪೊಲಿನ್ ಎಂದು ಕ್ಯಾಟಲಾಗ್ ನೋಡುತ್ತಾ ಕುಳಿತರೆ ನೆಲಕ್ಕೆ ದುಡ್ಡು ಉಳಿಯುವುದಿಲ್ಲ. ಇಂಥ ಪುಟ್ಟ ಕೇಂದ್ರಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು ಹಾಲ್‌ನ ಮಿತಿ ತಿಳಿದುಕೊಳ್ಳಿ. ಸ್ಪರ್ಧೆಯ ಫ್ಲೋರ್ 12 ಮೀಟರ್ ಚದರ, ಅಂದರೆ ಪ್ರತಿ ಬದಿಗೂ 39 ಅಡಿಗಿಂತ ಹೆಚ್ಚು. ಸ್ಪರ್ಧೆಯ ಬೀಮ್ 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 1.25 ಮೀಟರ್ ಎತ್ತರ. ನಮ್ಮ ಮನೆಗಳ ಸೂರು ಸಾಮಾನ್ಯವಾಗಿ 10 ಅಡಿ ಇರುತ್ತದೆ. ಸುಮಾರು 4 ಅಡಿ ಎತ್ತರದ ಬೀಮ್ ಮೇಲೆ 4 ಅಡಿಯ ಮಗು ನಿಂತು ಕೈ ಎತ್ತಿದರೆ ಬೆರಳು 9 ಅಡಿ ಮುಟ್ಟುತ್ತದೆ. ಅಲ್ಲಿ ಫ್ಯಾನ್ ತಿರುಗುತ್ತಿರುತ್ತದೆ! ಹಾಗಾಗಿ ವಾಲ್ಟ್ (ಓಡಿಬಂದು ಮೇಜಿನಂಥ ಸಾಧನಕ್ಕೆ ಕೈಯೂರಿ ಹಾರುವುದು), ಎತ್ತರದ ಬೀಮ್, ಬಾರ್‌ಗಳಿಗೆ ಈ ಹಾಲ್ ಆಗದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 4ನೇ ಸ್ಥಾನ ಪಡೆದದ್ದನ್ನು ನೆನಪಿಟ್ಟುಕೊಂಡು ಬರುವ ತಂದೆ–ತಾಯಂದಿರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ. ನಿಮ್ಮಲ್ಲಿ ಕಲಿಸಬಹುದಾದದ್ದು ಅಡಿಪಾಯ: ಹಾರಿ ಸರಿಯಾಗಿ ಇಳಿಯುವುದು, ಉರುಳುವುದು, ಕೈ ಮೇಲೆ ಭಾರ ಹೊರುವುದು, ಜೋತಾಡುವುದು, ಸಮತೋಲ. 10 ವರ್ಷದೊಳಗಿನ ಮಗುವಿಗೆ ಇಷ್ಟೇ ಬೇಕಾದಷ್ಟಾಯಿತು. ಇದನ್ನು ಚೆನ್ನಾಗಿ ಕಲಿತ ಮಗು ಮುಂದೆ ದೊಡ್ಡ ಕೇಂದ್ರಕ್ಕೆ ಹೋದರೆ ಅಲ್ಲಿನ ಕೋಚ್‌ಗೆ ಅರ್ಧ ಕೆಲಸ ಕಡಿಮೆ.

ನೆಲ

ಹಾಲ್‌ನ ನಾಲ್ಕೂ ಬದಿಗೆ 3 ಅಡಿ ಬಿಟ್ಟರೆ ಮಧ್ಯೆ 18×24 ಅಡಿ ಉಳಿಯುತ್ತದೆ. 4×6 ಅಡಿಯ ಮ್ಯಾಟ್‌ಗಳು ಇದಕ್ಕೆ ಸರಿಯಾಗಿ 18 ಹಿಡಿಸುತ್ತವೆ. ದಪ್ಪ 2 ಇಂಚು ಇರಲಿ. ಒಳಗೆ ರೀಬಾಂಡೆಡ್ ಫೋಮ್ ಅಥವಾ ಕ್ರಾಸ್‌ಲಿಂಕ್ ಫೋಮ್, ಮೇಲೆ ದಪ್ಪ ರೆಕ್ಸಿನ್ ಹೊದಿಕೆ, ಅಂಚಿಗೆ ವೆಲ್ಕ್ರೋ ಪಟ್ಟಿ. ಹಾಸಿಗೆ ಅಂಗಡಿಯವರು ಕೊಡುವ ಮೆತ್ತನೆಯ ಸ್ಪಂಜ್ ಅಗ್ಗ, ಆದರೆ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ. ಕೊಳ್ಳುವ ಮೊದಲು ಮ್ಯಾಟ್ ಮೇಲೆ ಒಂದು ಮಂಡಿಯೂರಿ ಇಡೀ ಮೈಭಾರ ಹಾಕಿ ನೋಡಿ. ಕೆಳಗಿನ ಗಟ್ಟಿ ನೆಲ ಮಂಡಿಗೆ ತಾಗಿದರೆ ಆ ಮ್ಯಾಟ್ ಬೇಡ. ಹಳೆಯ ಮ್ಯಾಟ್‌ಗಳಿಗೂ ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ.

ಒಂದಕ್ಕೊಂದು ಸಿಕ್ಕಿಸುವ ಬಣ್ಣಬಣ್ಣದ ಪಜಲ್ ಮ್ಯಾಟ್‌ಗಳು ಯೋಗಕ್ಕೆ, ಪುಟಾಣಿಗಳ ಆಟಕ್ಕೆ ಸಾಕು. ಹಾರಿ ಇಳಿಯಲು, ಲಾಗ ಹಾಕಲು ಸಾಲವು. ವೆಲ್ಕ್ರೋ ಇಲ್ಲದ ಮ್ಯಾಟ್‌ಗಳದ್ದು ಬೇರೆ ಅಪಾಯ. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಅವು ಜಾರಿ ನಡುವೆ ಸಂದು ಬೀಳುತ್ತದೆ, ಓಡುವ ಮಗುವಿನ ಪಾದ ಅದರೊಳಗೆ ಹೋಗಿ ಉಳುಕುತ್ತದೆ. ಪ್ರತಿ ಬ್ಯಾಚಿಗೂ ಮೊದಲು ಸಂದುಗಳನ್ನು ಮುಚ್ಚಿ.

ಇದರ ಜೊತೆಗೆ 4×8 ಅಡಿಯ, 8 ಇಂಚು ದಪ್ಪದ ಒಂದು ಲ್ಯಾಂಡಿಂಗ್ ಮ್ಯಾಟ್ ಬೇಕು. ಇದು ತೀರಾ ಮೆತ್ತಗಿದ್ದರೆ ಪಾದ ಹೂತು ಕಣಕಾಲು ತಿರುಚಿಕೊಳ್ಳುತ್ತದೆ. ಮೇಲೊಂದು 2 ಇಂಚಿನ ಮ್ಯಾಟ್ ಹಾಸಿದರೆ ಸರಿಹೋಗುತ್ತದೆ. ದಪ್ಪ ಮ್ಯಾಟ್ ಇದೆಯೆಂದು ಗಾಳಿಯಲ್ಲಿ ಪಲ್ಟಿ ಹೊಡೆಸಲು ಹೋಗಬೇಡಿ. ಎಷ್ಟೇ ದಪ್ಪದ ಮ್ಯಾಟ್ ಆದರೂ ತಲೆಕೆಳಗಾಗಿ ಬಿದ್ದ ಮಗುವಿನ ಕತ್ತನ್ನು ಕಾಪಾಡುವುದಿಲ್ಲ.

ಸೂರಿನ ಫ್ಯಾನ್ ತೆಗೆಸಿ ಗೋಡೆ ಫ್ಯಾನ್ ಹಾಕಿಸಿ. ಕಂಬಗಳಿಗೆ 6 ಅಡಿ ಎತ್ತರದವರೆಗೆ ಫೋಮ್ ಸುತ್ತಿಸಿ. ಉರುಳುವ ದಿಕ್ಕಿನ ಗೋಡೆಗೆ ಗಾಜಿನ ಕನ್ನಡಿ ಬೇಡ.

ಉಳಿದ ಸಾಮಾನು

ಇಳಿಜಾರು ಮ್ಯಾಟ್ ಒಂದು. 8 ಅಡಿ ಉದ್ದ, 4 ಇಂಚು ಅಗಲ, 6 ಇಂಚು ಎತ್ತರದ ಮರದ ಬೀಮ್ ಎರಡು. ಇವನ್ನು ಊರಿನ ಬಡಗಿಯೇ ಮಾಡಿಕೊಡುತ್ತಾನೆ, ಮೇಲೆ ಫೋಮ್ ಇಟ್ಟು ರೆಕ್ಸಿನ್ ಬಿಗಿಸಬೇಕು, ಅಡಿಯಲ್ಲಿ ಅಡ್ಡಪಟ್ಟಿ ಇರದಿದ್ದರೆ ಮಗುಚುತ್ತದೆ. ಒಂದರ ಮೇಲೊಂದು ಕೂರುವ ಫೋಮ್ ಪೆಟ್ಟಿಗೆ ಮೂರು, ಹೂಪ್, ಸ್ಕಿಪ್ಪಿಂಗ್ ಹಗ್ಗ, ಕೋನ್. ಜೋತಾಡಲು ಗೋಡೆಯ ಏಣಿಬಾರ್ ಹಾಕಿಸುವುದಾದರೆ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಹಾಕಿಸಿ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಬೋಲ್ಟ್ ಇಂದಲ್ಲ ನಾಳೆ ಕಿತ್ತು ಬರುತ್ತದೆ. ಟ್ರಾಂಪೊಲಿನ್ ಮೊದಲ ವರ್ಷ ಬೇಡವೇ ಬೇಡ. ಮುಂದೆ ಕೊಂಡರೂ ಒಂದು ಸಲಕ್ಕೆ ಒಂದೇ ಮಗು, 6 ವರ್ಷದೊಳಗಿನವರಿಗೆ ಇಲ್ಲ.

ಒಂದು ಗಂಟೆ ಹೇಗೆ ಸಾಗಬೇಕು

4–5 ವರ್ಷದವರಿಗೆ 45 ನಿಮಿಷ, 6ರ ಮೇಲಿನವರಿಗೆ 60 ನಿಮಿಷ. ಈ ಎರಡು ಗುಂಪನ್ನು ಒಂದೇ ಬ್ಯಾಚಿಗೆ ಸೇರಿಸಬೇಡಿ. ಒಂದು ಗಂಟೆಯಲ್ಲಿ ಮೊದಲ 10 ನಿಮಿಷ ಮೈ ಬಿಸಿಮಾಡುವ ಓಟ, ಪ್ರಾಣಿ ನಡಿಗೆ, ಮಣಿಕಟ್ಟಿನ ವ್ಯಾಯಾಮ. ನಂತರ 5 ನಿಮಿಷ ಬರೀ ಇಳಿಯುವ ಅಭ್ಯಾಸ: ಪಾದಗಳ ನಡುವೆ ಸೊಂಟದಷ್ಟು ಅಂತರ, ಮಂಡಿ ಬಾಗಿಸಿ, ಕೈ ಮುಂದೆ ಚಾಚಿ, ಮೂರು ಎಣಿಸುವವರೆಗೆ ಅಲುಗದೆ ನಿಲ್ಲುವುದು. ಬೀಳುವಾಗ ಮಕ್ಕಳು ತಾವಾಗಿಯೇ ಕೈ ಹಿಂದಕ್ಕೆ ಊರುತ್ತಾರೆ, ಮುಂಗೈ ಮೂಳೆ, ಮೊಣಕೈ ಮುರಿಯುವುದು ಹಾಗೆಯೇ. ಕೈಗಳನ್ನು ಎದೆಗೆ ತಂದು ಬೆನ್ನ ಮೇಲೆ ಉರುಳಿಬಿಡುವುದನ್ನು ಪ್ರತಿ ಕ್ಲಾಸಿನಲ್ಲೂ ಮಾಡಿಸಿ.

ಆಮೇಲೆ 25 ನಿಮಿಷ ನಾಲ್ಕು ಸ್ಟೇಷನ್, ಅಂದರೆ ಒಂದೊಂದು ಕಸರತ್ತಿಗೆ ಒಂದೊಂದು ಜಾಗ, ಪ್ರತಿಯೊಂದರಲ್ಲೂ ಮೂವರು. ಮಗು ಸಾಲಿನಲ್ಲಿ ನಿಂತು ಕಾಯುವ ಹೊತ್ತು ಹೆಚ್ಚಾದಷ್ಟೂ ತಳ್ಳಾಟ ಹೆಚ್ಚು. ಪೆಟ್ಟುಗಳಲ್ಲಿ ಕೆಲವಂತೂ ಕಸರತ್ತಿನಿಂದಲ್ಲ, ಈ ತಳ್ಳಾಟದಿಂದ ಬರುತ್ತವೆ. ಅಪಾಯದ ಸ್ಟೇಷನ್ ಒಂದೇ ಇರಲಿ, ಅಲ್ಲಿ ನಿಮ್ಮ ತಂಗಿ ಕದಲದೆ ನಿಲ್ಲಲಿ. ಉಳಿದ ಮೂರು ಸ್ಟೇಷನ್ ಮಕ್ಕಳೇ ಮಾಡಿಕೊಳ್ಳುವಂಥವು, ಅವುಗಳ ಮೇಲೆ ನೀವು ಕಣ್ಣಿಡಿ.

ಮುಂದುರುಳನ್ನು ಇಳಿಜಾರು ಮ್ಯಾಟ್ ಮೇಲೆಯೇ ಶುರು ಮಾಡಿ. ಗದ್ದ ಎದೆಗೆ ತಾಗಿರಬೇಕು, ಭಾರ ಅಂಗೈ ಮೇಲಿಂದ ಹೆಗಲ ಹಿಂಭಾಗಕ್ಕೆ ಹೋಗಬೇಕು, ನೆತ್ತಿ ಊರಬಾರದು. ಎಷ್ಟು ಹೇಳಿದರೂ ನೆತ್ತಿ ಊರುವ ಮಗುವಿನ ಗದ್ದದಡಿ ಚಿಕ್ಕ ಬಟ್ಟೆ ಚೆಂಡು ಸಿಕ್ಕಿಸಿ, ಬೀಳದಂತೆ ಉರುಳು ಎನ್ನಿ, ಕೂಡಲೇ ತಿದ್ದಿಕೊಳ್ಳುತ್ತದೆ. ಹಿಂದುರುಳು ಕತ್ತಿಗೆ ಹೆಚ್ಚು ಭಾರ ಹಾಕುತ್ತದೆ, ಅದನ್ನು ಮುಂದುರುಳು ಹದಕ್ಕೆ ಬಂದ ಮೇಲೆ, ಇಳಿಜಾರಿನಲ್ಲಿ ಮಾತ್ರ ಮಾಡಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಕೀಲು ಸಡಿಲವಿರುತ್ತದೆ. ವೈದ್ಯರು ನೋಡಿ ಒಪ್ಪುವವರೆಗೆ ಅವರಿಗೆ ಯಾವ ಉರುಳೂ ಬೇಡ, ಉಳಿದದ್ದನ್ನೆಲ್ಲ ಸಂತೋಷವಾಗಿ ಮಾಡಿಸಿ.

ಕೊನೆಯ 20 ನಿಮಿಷ ನಿಮ್ಮದು. ಯೋಗವನ್ನೂ ಕಸರತ್ತನ್ನೂ ಜೊತೆಗಿಡುವುದು ನಮ್ಮ ನಾಡಿಗೆ ಹೊಸತಲ್ಲ; 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ ಯೋಗವೂ ಚುರುಕಿನದೇ. ಓಡಿ ಹಾರಿದ ಮೇಲೆ ತಾಡಾಸನ, ವೃಕ್ಷಾಸನ, ಮಾರ್ಜಾಲಾಸನ, ಭುಜಂಗಾಸನ, ಬಾಲಾಸನ, ಕೊನೆಗೆ ಭ್ರಾಮರಿ ಮತ್ತು 3 ನಿಮಿಷ ಶವಾಸನ. ಉಸಿರು ಕಟ್ಟಿ ಹಿಡಿಯುವ ಕುಂಭಕ, ರಭಸದ ಕಪಾಲಭಾತಿ ಈ ವಯಸ್ಸಿಗೆ ಬೇಡ. 12 ಮಕ್ಕಳ ಗುಂಪಿನಲ್ಲಿ ಶೀರ್ಷಾಸನ ಮಾಡಿಸುವುದಂತೂ ಸಲ್ಲದು.

ಚಕ್ರಾಸನದ ಬಗ್ಗೆ ಒಂದು ಮಾತು, ಏಕೆಂದರೆ ಪೋಷಕರು ಫೋಟೊ ತೆಗೆಯುವುದು ಇದನ್ನೇ. ಹೆಗಲು ಬಿಗಿ ಇರುವ ಮಗು ಬಾಗುವಿಕೆಯನ್ನೆಲ್ಲ ಸೊಂಟದಿಂದಲೇ ತೆಗೆಯುತ್ತದೆ. ಬೆಳೆಯುವ ಬೆನ್ನುಮೂಳೆಯ ಅದೇ ಜಾಗ ದಿನವೂ ಹೀಗೆ ಬಾಗಿದರೆ ಸಣ್ಣ ಬಿರುಕು ಬಿಡಬಹುದು. ಪಾದಗಳನ್ನು ಫೋಮ್ ಪೆಟ್ಟಿಗೆ ಮೇಲಿಟ್ಟು ಮಾಡಿಸಿದರೆ ಬಾಗು ಹೆಗಲಿಗೆ ಹೋಗುತ್ತದೆ. ಮಗುವಿನ ಬೆನ್ನ ಮೇಲೆ ಕೂತು, ತೊಡೆ ಒತ್ತಿ ಸ್ಪ್ಲಿಟ್ (ಕಾಲುಗಳನ್ನು ನೆಲದ ಮೇಲೆ ಎರಡು ಕಡೆಗೆ ಪೂರ್ತಿ ಚಾಚುವುದು) ಇಳಿಸುವ ಹಳೆಯ ಪದ್ಧತಿಯನ್ನು ನಿಮ್ಮ ಹಾಲ್‌ನೊಳಕ್ಕೆ ಬಿಡಲೇಬೇಡಿ. ಹಿಮ್ಮಡಿ, ಮಂಡಿಯ ಕೆಳಗೆ ಅಥವಾ ಮಣಿಕಟ್ಟಿನಲ್ಲಿ ಒಂದೇ ಕಡೆ ನೋವು ಎರಡು ವಾರ ಉಳಿದರೆ ಹಾರುವುದು ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಕಳಿಸಿ. ಬೆಳೆಯುವ ಮೂಳೆಯ ತುದಿಗಳು ಮೆದುವಾಗಿರುತ್ತವೆ. ಅಲ್ಲಿನ ನೋವು ಸೋಮಾರಿತನದ ನೆಪವಲ್ಲ.

ಬರುವಾಗ ಗಮನಿಸಬೇಕಾದದ್ದು

ಕಾಲ್ಗೆಜ್ಜೆ, ಬಳೆ, ಕತ್ತಿನ ಸರ ತೆಗೆದಿಡಬೇಕು. ಕಾಲುಚೀಲ ಜಾರುತ್ತದೆ, ಬರಿಗಾಲೇ ಸರಿ. ತಲೆಯ ಹಿಂದೆ ಕ್ಲಚ್ ಕ್ಲಿಪ್ ಇದ್ದರೆ ಉರುಳುವಾಗ ಚುಚ್ಚುತ್ತದೆ, ಎರಡು ಜಡೆ ಹಾಕಿದರೆ ಅನುಕೂಲ. ಶಾಲೆಯಿಂದ ಹಸಿದು ಬರುವ ಮಗುವಿಗೆ ಕ್ಲಾಸಿಗೆ ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು ಸಾಕು. ದೋಸೆ ತಿಂದು ಬಂದರೆ ಉರುಳುವಾಗ ವಾಂತಿ ಖಂಡಿತ.

ಮುಟ್ಟುವುದು, ನೋಡುವುದು

ಜಿಮ್ನಾಸ್ಟಿಕ್ಸ್‌ನಲ್ಲಿ ಆಸರೆ ಕೊಡಲು ಮಗುವನ್ನು ಮುಟ್ಟಲೇಬೇಕಾಗುತ್ತದೆ. ಎಲ್ಲಿ, ಯಾಕೆ ಮುಟ್ಟುತ್ತೇವೆ ಎಂದು ಸೇರಿಸಿಕೊಳ್ಳುವಾಗಲೇ ಪೋಷಕರಿಗೂ ಮಗುವಿಗೂ ತೋರಿಸಿ: ಸೊಂಟದ ಬದಿ, ಮೇಲ್ಬೆನ್ನು, ಹೆಗಲು, ತೋಳು. ಬೇಡ ಎನ್ನುವ ಮಗುವಿಗೆ ಆಸರೆ ಬೇಡದ ಸುಲಭ ಕಸರತ್ತು ಕೊಡಿ. ಬಾಗಿಲು ಮುಚ್ಚಬೇಡಿ, ಪೋಷಕರು ಕೂತು ನೋಡಲು ಎರಡು ಬೆಂಚ್ ಹಾಕಿ. ಒಬ್ಬ ಶಿಕ್ಷಕರ ಜೊತೆ ಒಂದೇ ಮಗು ಹಾಲ್‌ನಲ್ಲಿ ಉಳಿಯಬಾರದು, ಕರೆದೊಯ್ಯಲು ಬರುವವರು ತಡಮಾಡಿದಾಗಲೂ. ಕೆಲಸಕ್ಕೆ ಸೇರುವವರೆಲ್ಲರ ಪೊಲೀಸ್ ಪರಿಶೀಲನೆ ಮಾಡಿಸಿ. ಲೈಂಗಿಕ ಕಿರುಕುಳದ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಕೈ ಮುರಿದಂತೆ ಕಂಡರೆ ಎಳೆದು ನೇರ ಮಾಡಲು ಹೋಗಬೇಡಿ, ತಿಕ್ಕಬೇಡಿ. ಮಡಿಸಿದ ದಪ್ಪ ಪತ್ರಿಕೆ ಇಟ್ಟು ಇದ್ದಂತೆಯೇ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿಗೆ ಪೆಟ್ಟಾಗಿದ್ದರೆ ಮಗುವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ.

ಕಾಗದಪತ್ರ, ಲೆಕ್ಕ

ಸ್ಥಳೀಯ ಸಂಸ್ಥೆಯ ಉದ್ಯಮ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕಾಗುತ್ತದೆ. ನಿಮಗೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪ್ರಮಾಣಪತ್ರ ಇಲ್ಲದಿದ್ದರೆ ಪರೀಕ್ಷೆ ಕಟ್ಟಿ. ತಂಗಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಕೋರ್ಸಿನ ಬಗ್ಗೆ ವಿಚಾರಿಸಲಿ. ಸ್ವತಃ ಕಸರತ್ತು ಮಾಡುವುದೇ ಬೇರೆ, ಮಗುವಿಗೆ ಆಸರೆ ಕೊಟ್ಟು ಕಲಿಸುವುದೇ ಬೇರೆ.

ಆದಾಯಕ್ಕೆ ಮಿತಿ ಹಾಕುವುದು ಸಂಜೆಯ ಹೊತ್ತು. 4.30ರಿಂದ 7.30ರೊಳಗೆ ಮೂರೇ ಬ್ಯಾಚ್. ಒಂದು ಬ್ಯಾಚಿಗೆ ವಾರಕ್ಕೆ ಎರಡು ದಿನದಂತೆ ಆರು ದಿನಕ್ಕೆ 9 ಬ್ಯಾಚ್, ತಲಾ 12ರಂತೆ 108 ಮಕ್ಕಳು. ಎಲ್ಲ ಬ್ಯಾಚೂ ತುಂಬುವುದು ಅಪರೂಪ. 60 ಮಕ್ಕಳ ಶುಲ್ಕದಲ್ಲಿ ಸಂಬಳ, ಕರೆಂಟ್, ಮ್ಯಾಟ್ ಸವಕಳಿ ಎಲ್ಲ ತೂಗುವಂತೆ ಶುಲ್ಕ ಇಡಿ. ಪರೀಕ್ಷೆಯ ಮಾರ್ಚ್ ಮತ್ತು ದಸರಾ ರಜೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆಂದು ಮೊದಲೇ ಲೆಕ್ಕ ಹಿಡಿಯಿರಿ. ಏಪ್ರಿಲ್‌ನ ಬೇಸಿಗೆ ಶಿಬಿರದಿಂದ ಶುರು ಮಾಡುವ ಆಸೆ ಬೇಡ. ಶಿಬಿರಕ್ಕೆ ಒಮ್ಮೆಲೇ 30 ಮಕ್ಕಳು ಬರುತ್ತಾರೆ, ನಿಮ್ಮಿಬ್ಬರ ಕೈ ಇನ್ನೂ ಪಳಗಿರುವುದಿಲ್ಲ. ಶಾಲೆ ಶುರುವಾಗಿ ವೇಳಾಪಟ್ಟಿ ನಿಂತ ಮೇಲೆ, ಜೂನ್ ಕೊನೆಯಲ್ಲಿ ಎರಡೇ ಬ್ಯಾಚ್ ತೆರೆಯಿರಿ. ಆಗ ಮಳೆಗಾಲ ಇರುವುದರಿಂದ ವಾರಕ್ಕೊಮ್ಮೆ ಮ್ಯಾಟ್‌ಗಳನ್ನು ಎತ್ತಿ ಗೋಡೆಗೆ ಒರಗಿಸಿ ಫ್ಯಾನ್ ಗಾಳಿಗೆ ಒಣಗಿಸಿ, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಲು ಸೌಮ್ಯ ಸಾಬೂನಿನ ನೀರು ಸಾಕು, ಬ್ಲೀಚ್ ಹಾಕಿದರೆ ರೆಕ್ಸಿನ್ ಬಿರುಸಾಗಿ ಹೊಲಿಗೆಯ ಬಳಿ ಸೀಳುತ್ತದೆ.