ಜೆಸಿಬಿ ಸೀಟಿನ ಮೇಲೊಂದು ರಬ್ಬರ್ ತಟ್ಟೆ

ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಬರೆ ಕುಸಿದರೆ ನಾವೆಲ್ಲ ಕಾಯುವುದು ಜೆಸಿಬಿಗೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜರಿದಾಗಲೂ ಅಷ್ಟೇ. ರಸ್ತೆ ತೆರೆದ ಕೂಡಲೇ ನಾವು ಗಾಡಿ ಹತ್ತಿ ಹೊರಟುಬಿಡುತ್ತೇವೆ. ಆಪರೇಟರ್ ಮಾತ್ರ ಸಂಜೆ ಕ್ಯಾಬಿನ್‌ನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಾರೆ. ದಿನವಿಡೀ ಮೈ ಕುಲುಕಿದ್ದಕ್ಕೂ ಒಂದು ಅಳತೆಯಿದೆ.

ಅಳೆಯುವ ಸಾಧನ ಅಕ್ಕಿ ರೊಟ್ಟಿಯಷ್ಟು ಅಗಲದ ರಬ್ಬರ್ ತಟ್ಟೆ. ಅದನ್ನು ಸೀಟಿನ ಮೇಲಿಡುತ್ತಾರೆ, ಆಪರೇಟರ್ ಅದರ ಮೇಲೇ ಕೂತು ಎಂದಿನಂತೆ ಕೆಲಸ ಮಾಡುತ್ತಾರೆ. ಒಳಗಿರುವ ಪುಟ್ಟ ಸೆನ್ಸರ್ ಹಿಂದೆ-ಮುಂದೆ, ಅಕ್ಕಪಕ್ಕ, ಮೇಲೆ-ಕೆಳಗೆ ಮೂರೂ ದಿಕ್ಕಿನ ಅಲುಗಾಟವನ್ನು ದಾಖಲಿಸುತ್ತದೆ. ಸೀಟಿನ ಮೇಲೇ ಯಾಕೆ? ಬೆನ್ನಿಗೆ ತಟ್ಟುವುದು ಸೀಟು ದಾಟಿ ಬಂದ ಕುಲುಕಾಟ, ಅಲ್ವಾ? ಒಳ್ಳೆಯ ಸೀಟು ಅದನ್ನು ತಗ್ಗಿಸುತ್ತದೆ. ಸ್ಪ್ರಿಂಗ್ ಸೋತ ಸೀಟು ಕ್ಯಾಬಿನ್ ನೆಲಕ್ಕಿಂತಲೂ ಜಾಸ್ತಿ ಎತ್ತಿಹಾಕಬಹುದು.

ಎಲ್ಲ ಕುಲುಕಾಟವೂ ಒಂದೇ ಅಲ್ಲ. ಸೆಕೆಂಡಿಗೆ 4ರಿಂದ 8 ಸಲ ಮೇಲೆ-ಕೆಳಗೆ ಆಗುವಂಥದ್ದು ಮೈಯನ್ನು ಜಾಸ್ತಿ ಅಲುಗಿಸುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಅದಕ್ಕೇ ಹೆಚ್ಚು ತೂಕ ಕೊಡುತ್ತದೆ.

ಎಷ್ಟಾದರೆ ಜಾಸ್ತಿ? ಯುರೋಪಿನ 2002ರ ನಿಯಮದಲ್ಲಿ, 8 ಗಂಟೆಯ ಲೆಕ್ಕಕ್ಕೆ ಕುಲುಕಾಟ 0.5 ಮೀಟರ್/ಸೆಕೆಂಡ್² (ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಅಳತೆ) ದಾಟಿದರೆ ಕೆಲಸ ಕೊಟ್ಟವರು ಕ್ರಮ ಕೈಗೊಳ್ಳಬೇಕು. 1.15 ದಾಟುವಂತೆಯೇ ಇಲ್ಲ.

ಈ ಲೆಕ್ಕದಲ್ಲಿ ಕುಲುಕಾಟದ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದು) ಹೊತ್ತಿನಿಂದ ಗುಣಿಸಿದರೆ ಹೊರೆ. ಹೊರೆಗಳನ್ನು ಕೂಡಿಸಿ, 8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದಿನದ ಮೊತ್ತ. ಒಬ್ಬರು ತೋಟದ ಕಲ್ಲುದಾರಿಯಲ್ಲಿ 2 ಗಂಟೆ ಮೆಷಿನ್ ಓಡಿಸಿದರು, ಕುಲುಕಾಟ 1 ಅಂತಿಟ್ಟುಕೊಳ್ಳಿ. ಮಿಕ್ಕ 6 ಗಂಟೆ ನಿಂತಲ್ಲೇ ಮಣ್ಣು ತೆಗೆದರು, ಅದು 0.3. ದಿನದ ಮೊತ್ತ ಸುಮಾರು 0.56, ಅಂದರೆ 0.5ರ ಗಡಿ ದಾಟಿತು. ಅದರ ಹೊರೆಯಲ್ಲಿ ಐದಕ್ಕೆ ನಾಲ್ಕು ಪಾಲು ಬಂದದ್ದು ಆ 2 ಗಂಟೆಯ ಓಡಾಟದಿಂದ! ಬಕೆಟ್ ಕೆಲಸವೇ ಕಷ್ಟ ಅಂತ ನೋಡುವವರಿಗೆ ಅನಿಸುತ್ತದೆ. ಆದರೆ ಈ ದಿನ ಸೊಂಟದ ಮೇಲೆ ಹೆಚ್ಚು ಹೊರೆ ಹಾಕಿದ್ದು ದಾರಿ.

ಅದೇ 2 ಗಂಟೆ ನಿಧಾನವಾಗಿ ಓಡಿಸಿ ಆ 1 ಅನ್ನು 0.7ಕ್ಕೆ ಇಳಿಸಿದರೆ ದಾರಿಯ ಹೊರೆ ಅರ್ಧಕ್ಕೆ ಬರುತ್ತದೆ, ದಿನದ ಮೊತ್ತ 0.44ಕ್ಕೆ ಇಳಿಯುತ್ತದೆ. ಹಾಗಾಗಿ ತೋಟದ ಮಾಲೀಕರಲ್ಲಿ ಒಂದು ಕೋರಿಕೆ. ಗಂಟೆ ಲೆಕ್ಕದ ಬಾಡಿಗೆ ಉಳಿಸಲು ಆಪರೇಟರನ್ನು ದಾರಿಯಲ್ಲಿ ಅವಸರ ಮಾಡಬೇಡಿ. ಮೆಷಿನ್ ಬರುವ ಮುಂಚೆ ಗುಂಡಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿಸಿಡಿ.